ವೃದ್ಧಾಶ್ರಮದ ಬೋರ್ಡ್ ಹಾಕಿದರೆ ಸಾಕಾ? ಬಾಗಿಲು ತಟ್ಟಿ ಕೇಳೋರು ಯಾರು?

ಕಲಬುರಗಿ: ತೊಗರಿ ರಾಶಿ ಮುಗಿದ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಉಳಿಯೋರು ಮುದುಕರು ಮಾತ್ರ. ದುಡಿಯುವ ಮಕ್ಕಳು ಪುಣೆ, ಮುಂಬೈ, ಬೆಂಗಳೂರಿನ ಹಾದಿ ಹಿಡಿದಿರುತ್ತಾರೆ. ಒಲಿ ಹಚ್ಚಲಿಕ್ಕೂ ಕೈಲಾಗದ ಅವ್ವ-ಅಪ್ಪನನ್ನು ‘ತಿಂಗಳಿಗೆ ಇಷ್ಟು ಕೊಡ್ರಿ, ನಾವು ನೋಡ್ಕೋತೀವಿ’ ಅನ್ನುವವರಿಗೆ ಒಪ್ಪಿಸಿ ಹೋದರೆ, ಆಮೇಲೆ ಆ ಮನೆಯೊಳಗೆ ಏನು ನಡೆಯುತ್ತಿದೆ ಎಂದು ಕೇಳುವ ಅಧಿಕಾರ ಯಾರಿಗಿದೆ?

ಒಳಗಿರುವವರು ಯಾರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮಕ್ಕಳ ಪಾಲನಾ ಸಂಸ್ಥೆಗಾದರೆ 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಕಡ್ಡಾಯ. ಇಲ್ಲದೆ ನಡೆಸಿದರೆ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಅಂಗವಿಕಲರ ಸಂಸ್ಥೆಗಳಿಗೆ 2016ರ ಕಾಯ್ದೆ, ಮಾನಸಿಕ ಅಸ್ವಸ್ಥರ ಕೇಂದ್ರಗಳಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನೋಂದಣಿ ಕೇಳುತ್ತವೆ.

ವೃದ್ಧರ ವಿಷಯಕ್ಕೆ ಬಂದರೆ ಕೇಂದ್ರದ ಕಾನೂನು ಸಡಿಲು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ ಮಕ್ಕಳಿಂದ ಜೀವನಾಂಶ ಕೇಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಹೊಲ-ಮನೆಯನ್ನು, ಆ ಷರತ್ತು ಮುರಿದರೆ ವಾಪಸ್ ಪಡೆಯಲೂಬಹುದು. ಆದರೆ ಖಾಸಗಿ ವೃದ್ಧಾಶ್ರಮ ನೋಂದಣಿ ಮಾಡಿಸಲೇಬೇಕು ಎಂಬ ಕಲಮು ಅದರಲ್ಲಿಲ್ಲ. ಅದನ್ನು ಸೇರಿಸಲು 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಪಾಸಾಗದೆ, ಆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ಟ್ರಸ್ಟ್ ಅಥವಾ ಸೊಸೈಟಿ ನೋಂದಣಿ ಪತ್ರವನ್ನು ಗೋಡೆಗೆ ತೂಗುಹಾಕಿದವರು ಬೇಕಾದಷ್ಟು ಸಿಗುತ್ತಾರೆ. ಅದು ಸಂಘಕ್ಕೆ ಸಿಕ್ಕ ಕಾಗದ. ಅಲ್ಲಿನ ಊಟ, ಹಾಸಿಗೆ, ಔಷಧಿಗೆ ಸಿಕ್ಕ ಸರ್ಟಿಫಿಕೇಟ್ ಅಲ್ಲ.

ಕಾನೂನು ಇದ್ದ ಕಡೆಯೂ ಸಂದುಗಳಿವೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರವನ್ನೇ ನೋಡಿ. ‘ಗಾಳಿ ಹಿಡಿದಿದೆ’ ಎಂದು ನಂಬಿ ಕರ್ನಾಟಕ, ಮಹಾರಾಷ್ಟ್ರದ ಕುಟುಂಬಗಳು ಮನೆಯವರನ್ನು ದತ್ತಾತ್ರೇಯನ ಸನ್ನಿಧಿಗೆ ಕರೆತರುತ್ತವೆ, ಖೋಲಿ ಹಿಡಿದು ದಿನಗಟ್ಟಲೆ ಉಳಿಯುತ್ತವೆ. ಭಕ್ತಿ ಅವರವರದು. ಮನೆಯವರು ಜೊತೆಗಿದ್ದರೆ ಅದು ಬರೀ ಬಾಡಿಗೆ ಖೋಲಿ. ಆದರೆ ಇಂಥ ಕಡೆ ರೋಗಿಯೊಬ್ಬರನ್ನೇ ಬಿಟ್ಟು, ದುಡ್ಡು ಕೊಟ್ಟು ಊರಿಗೆ ಮರಳಿದರೆ? ಅದು ಲಾಡ್ಜೋ, ಆರೈಕೆ ಕೇಂದ್ರವೋ ಎಂದು ಕೇಳುವ ಹೊತ್ತಿಗೆ ಅನಾಹುತ ಆಗಿಹೋಗಿರಬಹುದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ದರ್ಗಾ ಊರಿನ ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು. ಸರಪಳಿ ಹಾಕುವುದನ್ನು 2017ರ ಕಾಯ್ದೆ ಈಗ ನಿಷೇಧಿಸಿದೆ. ನೋಂದಣಿ ಇಲ್ಲದ ಕೇಂದ್ರಕ್ಕೆ ಮೊದಲ ಸಲ ದಂಡ 5,000ದಿಂದ 50,000 ರೂಪಾಯಿ. ನಾಲ್ಕು ಜನರಿಂದ ತಿಂಗಳ ಹಣ ತೆಗೆದುಕೊಳ್ಳುವವನಿಗೆ 5,000 ಯಾವ ಲೆಕ್ಕ!

ಇಂಗ್ಲೆಂಡ್‌ನಲ್ಲೂ ಇದೇ ತಲೆನೋವಿತ್ತು. ನೆರವು ಬೇಕಾದವರಿಗೆ ಮನೆ ಕೊಡುತ್ತೇವೆಂದು ಸರ್ಕಾರದ ಬಾಡಿಗೆ ಭತ್ಯೆ ಎತ್ತಿ, ನೆರವನ್ನೇ ಕೊಡದವರ ಹಾವಳಿ ಬರ್ಮಿಂಗ್‌ಹ್ಯಾಮ್‌ನಂಥ ನಗರಗಳಲ್ಲಿ ಹೆಚ್ಚಿತು. 2023ರಲ್ಲಿ ಅಲ್ಲಿನ ಸಂಸತ್ತು ಕಾಯ್ದೆ ತಂದು, ಲೈಸೆನ್ಸ್ ಪದ್ಧತಿಗೆ ದಾರಿ ಮಾಡಿತು.

ಇಲ್ಲಿ ದೆಹಲಿಯ ತಿದ್ದುಪಡಿಗೆ ಕಾಯುತ್ತ ಕೂರಬೇಕಿಲ್ಲ. ಯಾವ ಊರಲ್ಲಿ ಯಾರು ಎಷ್ಟು ಜನರನ್ನು ಇಟ್ಟುಕೊಂಡಿದ್ದಾರೆ ಎಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿ, ಪುರಸಭೆಗಳಿಂದ ಜಿಲ್ಲಾಡಳಿತ ತರಿಸಿಕೊಳ್ಳಬಹುದು. ಆಶಾ ಕಾರ್ಯಕರ್ತೆಯರಿಗೆ ಮನೆ ಮನೆ ಗೊತ್ತು. ತೊಂದರೆಯಲ್ಲಿರುವ ಹಿರಿಯರಿಗೆ 14567 ಮತ್ತು 1090, ಮಾನಸಿಕ ಆರೋಗ್ಯಕ್ಕೆ 14416 ಸಹಾಯವಾಣಿಗಳಿವೆ. ಆದರೆ ಫೋನ್ ಒಳಗಿದ್ದವರ ಕೈಗೆ ಸಿಗಬೇಕಲ್ಲ?

ಇನ್ನೊಂದು ಮಾತನ್ನು ಅಧಿಕಾರಿಗಳು ಮೊದಲೇ ಯೋಚಿಸಬೇಕು. ಕೆಟ್ಟ ಮನೆಗೆ ಬೀಗ ಹಾಕಿಸಿದ ಸಂಜೆ ಅಲ್ಲಿದ್ದವರನ್ನು ಎಲ್ಲಿಗೆ ಒಯ್ಯುವುದು? ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಬಡ ಹಿರಿಯರು ಇರಬಹುದಾದ ವೃದ್ಧಾಶ್ರಮವನ್ನು ಸರ್ಕಾರ ತೆರೆಯಬಹುದು ಎನ್ನುತ್ತದೆ 2007ರ ಕಾಯ್ದೆ. ‘ತೆರೆಯಲೇಬೇಕು’ ಎಂದಿಲ್ಲ.