ನಿಷ್ಠೆಯ ಅನುವಾದ

ಅನುವಾದವು ಮೂಲಕ್ಕೆ ನಿಷ್ಠವಾಗಿರಬೇಕೆಂದು ನಂಬಿದವನು ನಾನು. ಗಣಕಲೋಕದಲ್ಲಿ ಆ ನಂಬಿಕೆಯೇ ಈಗ ಪರೀಕ್ಷೆಗೆ ಒಳಗಾಗಿದೆ.

೧೯೭೨ರ ಸುಮಾರಿಗೆ ಡೆನಿಸ್ ರಿಚಿಯವರು ರೂಪಿಸಿದ 'ಸಿ' ಭಾಷೆಯು ಮೆಮೊರಿಯ ಎಲ್ಲೆ ಮೀರಿದವನನ್ನು ತಡೆಯದು. ಆ ಕಂಡಿಯಿಂದಲೇ ಗಣಕಗಳ್ಳರು ನುಗ್ಗುತ್ತಾರೆ. ಆದಕಾರಣ, ಹಳೆಯ 'ಸಿ' ಬರಹವನ್ನು ಎಲ್ಲೆ ಕಾಯುವ 'ರಸ್ಟ್' ಭಾಷೆಗೆ ಯಂತ್ರದಿಂದಲೇ ತಿರುಗಿಸುವ ಯೋಜನೆಯೊಂದನ್ನು ಅಮೆರಿಕದ ರಕ್ಷಣಾ ಸಂಶೋಧನ ಸಂಸ್ಥೆ ಡಾರ್ಪಾ ೨೦೨೪ರಲ್ಲಿ ಪ್ರಕಟಿಸಿತು.

ಮೂಲವನ್ನು ಚಾಚೂ ತಪ್ಪದೆ ಅನುಸರಿಸುವ 'ಸಿ-ಟು-ರಸ್ಟ್' ಕಂಪೈಲರು ಮೊದಲೇ ಇದೆ. ಆದರೆ ಅದರ ಫಲದ ಬಹುಪಾಲಿಗೆ 'ಅನ್‌ಸೇಫ್' ಎಂಬ ಮುದ್ರೆಯಿರುತ್ತದೆ: ಗೋಡೆ ಹೊಸತು, ಬಿರುಕು ಹಳೆಯದು. ಮೆಮೊರಿಯ ಯಾವ ಭಾಗಕ್ಕೆ ಯಾರು ಒಡೆಯರೆಂಬುದನ್ನು 'ಸಿ' ಬರೆದಿಡುವುದಿಲ್ಲ. ಅದು ಕರ್ತೃವಿನ ಮನಸ್ಸಿನಲ್ಲಿಯೇ ಉಳಿದಿರುತ್ತದೆ. ಊಹಿಸುವ ಅನುವಾದಕ ತಪ್ಪಬಹುದು. ಊಹಿಸದವನು ತಪ್ಪನ್ನೇ ಉಳಿಸುವನು. ಯಂತ್ರದ ಊಹೆಯನ್ನು ಮನುಷ್ಯನು ಪರೀಕ್ಷಿಸದೆ ಒಪ್ಪಲಾಗದೆಂಬುದು ನನ್ನ ಮತ.