ಪ್ಯಾರಿಸ್‌ನ ಬೆಂಕಿ, ಟೆಕ್ಸಾಸ್‌ನ ಕನ್ನಡಕ

ನಮ್ಮ ಇಂಜಿನಿಯರಿಂಗ್ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಗೆಳೆಯನಿದ್ದಾನೆ. ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ರೂಮಿನವನು. ಈಗ ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಎಚ್‌-1ಬಿ ವೀಸಾ. ತಿಂಗಳಿಗೊಮ್ಮೆಯಾದರೂ ಪ್ಯಾರಿಸ್ ಹೊತ್ತಿ ಉರಿಯುವ ವಿಡಿಯೋ ಹಾಕ್ತಾನೆ. ಕೆಳಗೆ ಎರಡೇ ಸಾಲು: ‘ಯೂರೋಪ್ ಮುಗೀತು ಕಣ್ರೋ. ವಲಸಿಗರನ್ನ ಒಳಗೆ ಬಿಟ್ಕೊಂಡ್ರೆ ಹಿಂಗೇ ಆಗೋದು.’

ಈಚೆಗೆ ಹಾಕಿದ ಒಂದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹೊಗೆ, ಪೊಲೀಸರು, ಬೆಂಕಿ ಬಿದ್ದ ಕಸದ ರಾಶಿ. ಹಿಂದೆ ಬಿಳಿಗೂದಲಿನ ಒಬ್ಬ ಹೆಂಗಸು ಹಿಡಿದ ಫಲಕದಲ್ಲಿ ದೊಡ್ಡದಾಗಿ ‘64’ ಅಂತಿತ್ತು, ಅದರ ಮೇಲೆ ಕೆಂಪು ಗೆರೆ. ಅದು 2023ರ ಪಿಂಚಣಿ ಹೋರಾಟದ ವಿಡಿಯೋ. ಕಸ ಬಿದ್ದಿದ್ದು ಪ್ಯಾರಿಸ್‌ನ ಪೌರಕಾರ್ಮಿಕರು ಮುಷ್ಕರ ಹೂಡಿದ್ದರಿಂದ. ವಲಸೆಗೂ ಅದಕ್ಕೂ ಸಂಬಂಧವೇ ಇಲ್ಲ. ಲಾಗ್ ಫೈಲ್ ನೋಡದೆಯೇ ಬಗ್ ಎಲ್ಲಿದೆ ಅಂತ ಹೇಳೋ ಮ್ಯಾನೇಜರ್‌ಗಳ ಜೊತೆ ನಾನೂ ಎರಡು ವರ್ಷ ಕೆಲಸ ಮಾಡಿದ್ದೀನಿ. ಇದೂ ಅದೇ ಥರ.

ಆದರೆ ಗೆಳೆಯನನ್ನು ಬೈದು ಮುಗಿಸೋ ವಿಷಯ ಅಲ್ಲ ಇದು. ಅವನು ಹಾಕಿಕೊಂಡಿರೋ ಕನ್ನಡಕ ಅಮೆರಿಕದ ಬಲಪಂಥದ್ದು. ಫ್ರಾನ್ಸ್ ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದೂ ಅದೇ ದಾರಿಯಲ್ಲಿ ಬಂದದ್ದು. ಹಾಗಾಗಿ ಆ ಕನ್ನಡಕವನ್ನೇ ಒಮ್ಮೆ ಪರೀಕ್ಷೆ ಮಾಡೋಣ ಅನ್ನಿಸಿತು.

ಗೇಲಿಯಿಂದ ಎಚ್ಚರಿಕೆಯವರೆಗೆ

2003ರಲ್ಲಿ ಇರಾಕ್ ಯುದ್ಧಕ್ಕೆ ಫ್ರಾನ್ಸ್ ಬೆಂಬಲ ಕೊಡಲಿಲ್ಲ ಅನ್ನೋ ಸಿಟ್ಟಿಗೆ ಅಮೆರಿಕದ ಕೆಳಮನೆಯ ಕ್ಯಾಂಟೀನಿನಲ್ಲಿ ‘ಫ್ರೆಂಚ್ ಫ್ರೈಸ್’ ಹೆಸರನ್ನು ‘ಫ್ರೀಡಂ ಫ್ರೈಸ್’ ಅಂತ ಬದಲಿಸಿದ್ದರು. ಆಗ ಫ್ರಾನ್ಸ್ ಅಂದರೆ ಹೇಡಿ, ಸೋಮಾರಿ ದೇಶ ಅನ್ನೋ ಗೇಲಿ. ಈಗ ಗೇಲಿ ಹೋಗಿ ಭಯ ಬಂದಿದೆ. ‘ನಾವು ಎಚ್ಚೆತ್ತುಕೊಳ್ಳದಿದ್ದರೆ ನಾಳೆ ನಮ್ಮದೂ ಇದೇ ಗತಿ’ ಅನ್ನೋ ಪಾಠಕ್ಕೆ ಫ್ರಾನ್ಸ್ ಉದಾಹರಣೆ. 2025ರ ಫೆಬ್ರವರಿಯಲ್ಲಿ ಉಪಾಧ್ಯಕ್ಷ ಜೆ.ಡಿ. ವಾನ್ಸ್ ಮ್ಯೂನಿಕ್‌ನಲ್ಲಿ ಮಾತಾಡುತ್ತಾ, ಯೂರೋಪಿಗೆ ಅಪಾಯ ಇರೋದು ರಷ್ಯಾ, ಚೀನಾಗಳಿಂದಲ್ಲ, ಒಳಗಿನಿಂದಲೇ ಎಂದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಟ್ರಂಪ್ ಸರ್ಕಾರದ ರಾಷ್ಟ್ರೀಯ ಭದ್ರತಾ ಕಾರ್ಯತಂತ್ರ, ಯೂರೋಪಿನ ನಾಗರಿಕತೆಯೇ ಅಳಿಸಿಹೋಗುವ ಅಪಾಯವಿದೆ ಎನ್ನುವವರೆಗೆ ಹೋಯಿತು.

ಈ ವಾದದಲ್ಲಿ ಮೂರು ಎಳೆಗಳಿವೆ. ಒಂದು, ಜನಕ್ಕೆ ಎಲ್ಲವನ್ನೂ ಕೊಡೋ ಸರ್ಕಾರ ದಿವಾಳಿಯಾಗುತ್ತೆ. ಎರಡು, ವಲಸೆಯೇ ಗಲಭೆಗೆ ಮೂಲ. ಮೂರು, ಜನರ ಆಯ್ಕೆಯನ್ನು ಮೇಲಿನವರು ಕೋರ್ಟುಗಳ ಮೂಲಕ ತುಳಿಯುತ್ತಾರೆ. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಇಲ್ಲದಿದ್ದರೆ ಅದು ಇಷ್ಟು ದೂರ ಓಡುತ್ತಿರಲಿಲ್ಲ.

ಸಾಲ ನಿಜ, ಆದರೆ ಕೋಪ ಯಾರದ್ದು?

ಮೊದಲ ಎಳೆ. ಫ್ರಾನ್ಸಿನಲ್ಲಿ ಸರ್ಕಾರಿ ಖರ್ಚು ಜಿಡಿಪಿಯ ಶೇ. 57ರಷ್ಟು. ಸಾಲ ಜಿಡಿಪಿಯನ್ನೂ ಮೀರಿ ಶೇ. 110 ದಾಟಿದೆ. 2024ರ ವಿತ್ತೀಯ ಕೊರತೆ ಶೇ. 5.8. ಲೆಕ್ಕ ಕೂಡುತ್ತಿಲ್ಲ ಅನ್ನೋದು ಸತ್ಯ. ಅದನ್ನು ಸರಿಮಾಡಲು ಹೋದ ಪ್ರಧಾನಿಗಳ ಗತಿ ನೋಡಿ. ಬಜೆಟ್ ವಿಚಾರಕ್ಕೆ ಮಿಷೆಲ್ ಬಾರ್ನಿಯೆ 2024ರ ಡಿಸೆಂಬರ್‌ನಲ್ಲಿ ಅವಿಶ್ವಾಸದಲ್ಲಿ ಬಿದ್ದರು, 1962ರ ನಂತರ ಹಾಗೆ ಬಿದ್ದ ಮೊದಲ ಸರ್ಕಾರ ಅದು. 44 ಬಿಲಿಯನ್ ಯೂರೋ ಉಳಿಸೋ ಯೋಜನೆ ತಂದು, ಎರಡು ಸರ್ಕಾರಿ ರಜೆಗಳನ್ನೂ ತೆಗೀತೀನಿ ಅಂದ ಫ್ರಾನ್ಸುವಾ ಬೈರೂ 2025ರ ಸೆಪ್ಟೆಂಬರ್ 8ರಂದು 364–194 ಮತಗಳಿಂದ ಸೋತರು. ನಂತರ ಬಂದ ಸೆಬಾಸ್ಟಿಯನ್ ಲೆಕೊರ್ನು ಸಂಪುಟ ಪ್ರಕಟಿಸಿದ ಮಾರನೇ ಬೆಳಗ್ಗೆಯೇ ರಾಜೀನಾಮೆ ಕೊಟ್ಟು, ವಾರದೊಳಗೆ ಮತ್ತೆ ಪ್ರಧಾನಿಯಾಗಿ, ಪಿಂಚಣಿ ಸುಧಾರಣೆಯನ್ನೇ ತಡೆಹಿಡಿದರು.

‘ನೋಡಿ, ಬಿಟ್ಟಿ ಭಾಗ್ಯಗಳ ಫಲ’ ಅಂತ ಅಮೆರಿಕದ ಕನ್ಸರ್ವೇಟಿವ್ ಹೇಳಬಹುದು. ಹಾಗಾದರೆ ಅವನ ಆರ್ಥಿಕ ಸಿದ್ಧಾಂತವನ್ನು ಫ್ರಾನ್ಸಿನಲ್ಲಿ ಜಾರಿ ಮಾಡಲು ಹೊರಟವರು ಯಾರು? ಎಮ್ಯಾನುಯೆಲ್ ಮ್ಯಾಕ್ರಾನ್! ಸಂಪತ್ತಿನ ಮೇಲಿನ ತೆರಿಗೆ ತೆಗೆದು ಬರೀ ಆಸ್ತಿಗೆ ಸೀಮಿತ ಮಾಡಿದ್ದು ಅವರು. ಕಂಪನಿ ತೆರಿಗೆಯನ್ನು ಶೇ. 33ರಿಂದ 25ಕ್ಕೆ ಇಳಿಸಿದ್ದು ಅವರು. ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಿದ್ದೂ ಅವರೇ. ಅಮೆರಿಕದ ಬಲಪಂಥಕ್ಕೆ ಆಗದ ಆಸಾಮಿ ಕೂಡ ಅವರೇ.

ಅವರಿಗೆ ಬೇಕಾದ ಮರೀನ್ ಲೆ ಪೆನ್ ಏನು ಹೇಳಿದ್ದರು? 2022ರ ಚುನಾವಣೆಯಲ್ಲಿ, ನಿವೃತ್ತಿ ವಯಸ್ಸು ಏರಿಸೋದಿಲ್ಲ, ಚಿಕ್ಕ ವಯಸ್ಸಿಗೇ ಕೆಲಸಕ್ಕೆ ಸೇರಿದವರಿಗೆ 60ಕ್ಕೇ ಪಿಂಚಣಿ, ಇಂಧನದ ಮೇಲಿನ ವ್ಯಾಟ್ ಕಡಿತ ಅಂದಿದ್ದರು. ಬಾರ್ನಿಯೆ ಸರ್ಕಾರ ಬೀಳಿಸುವಾಗ ಅವರ ಪಕ್ಷ ಎಡಪಂಥದ ಜೊತೆ ಕೈ ಎತ್ತಿತು. 2024ರ ಮಾರ್ಚ್‌ನಲ್ಲಿ ಗರ್ಭಪಾತದ ಸ್ವಾತಂತ್ರ್ಯವನ್ನು ಸಂವಿಧಾನಕ್ಕೆ ಸೇರಿಸುವಾಗ ಲೆ ಪೆನ್ ಪರವಾಗಿ ಮತ ಹಾಕಿದರು. ಟೆಕ್ಸಾಸ್‌ನಲ್ಲಿ ರಿಪಬ್ಲಿಕನ್ ಟಿಕೆಟ್ ಕೇಳಲು ಇಷ್ಟು ಸಾಕಿತ್ತು, ಬಾಗಿಲಲ್ಲೇ ವಾಪಸ್ ಕಳಿಸ್ತಿದ್ದರು.

ಎರಡು ಬೆಂಕಿ, ಒಂದೇ ಶೀರ್ಷಿಕೆ

ಎರಡನೇ ಎಳೆ ಹೆಚ್ಚು ಬಿಸಿ. 2023ರ ಜೂನ್ 27ರಂದು ಪ್ಯಾರಿಸ್ ಪಕ್ಕದ ನಾಂತೇರ್‌ನಲ್ಲಿ ಕಾರು ತಡೆದ ಪೊಲೀಸ್, 17 ವರ್ಷದ ನಾಹೆಲ್ ಎಂಬ ಹುಡುಗನನ್ನು ಹತ್ತಿರದಿಂದ ಗುಂಡಿಟ್ಟು ಕೊಂದ. ಪೊಲೀಸರ ಕಡೆಯಿಂದ ಮೊದಲು ಬಂದ ಕಥೆ ಒಂದು, ದಾರಿಹೋಕರ ಮೊಬೈಲ್ ವಿಡಿಯೋ ತೋರಿಸಿದ್ದು ಇನ್ನೊಂದು. ಗಲಭೆ ದೇಶವೆಲ್ಲ ಹಬ್ಬಿತು. ಒಂದು ರಾತ್ರಿಗೆ 45,000 ಪೊಲೀಸರನ್ನು ಇಳಿಸಬೇಕಾಯಿತು.

ಇಲ್ಲಿ ನಮ್ಮ ಕಡೆಯವರಿಗೂ ಒಂದು ಮಾತು. ಆ ದಿನಗಳಲ್ಲಿ ಸುಟ್ಟದ್ದರಲ್ಲಿ ಶಾಲೆಗಳಿದ್ದವು, ಗ್ರಂಥಾಲಯಗಳಿದ್ದವು, ಅದೇ ಬಡಾವಣೆಯ ಬಡವರ ಬಸ್ಸುಗಳಿದ್ದವು. ಲೈ-ಲೆ-ರೋಸ್ ಪಟ್ಟಣದ ಮೇಯರ್ ಮನೆಗೆ ಕಾರು ನುಗ್ಗಿಸಿದರು, ಅವರ ಹೆಂಡತಿ ಗಾಯಗೊಂಡರು. ಇದನ್ನು ‘ಬಂಡಾಯ’ ಅಂತ ಹಾಡಿ ಹೊಗಳೋದು ನಮ್ಮ ಸೋಮಾರಿತನ.

ಆದರೆ ‘ವಲಸಿಗರ ದಂಗೆ’ ಅನ್ನೋದೂ ಅಷ್ಟೇ ಸೋಮಾರಿತನ. ಬಂಧಿತರಲ್ಲಿ ವಿದೇಶಿ ಪ್ರಜೆಗಳು ಶೇ. 10ಕ್ಕಿಂತ ಕಡಿಮೆ ಅಂತ ಹೇಳಿದ್ದು ಎಡಪಂಥೀಯರಲ್ಲ, ಕಟ್ಟುನಿಟ್ಟಿನ ಗೃಹ ಸಚಿವ ಜೆರಾಲ್ಡ್ ಡಾರ್ಮನಾ. ಅವರ ಲೆಕ್ಕದಲ್ಲಿ ಬಂಧಿತರ ಸರಾಸರಿ ವಯಸ್ಸು 17. ಅಂದರೆ ಗಡಿ ದಾಟಿ ಬಂದವರಲ್ಲ, ಹೆಚ್ಚಿನವರು ಅಲ್ಲೇ ಹುಟ್ಟಿ, ಅಲ್ಲೇ ಓದಿ, ಅಲ್ಲೇ ಹೊರಗಿನವರಾಗಿ ಉಳಿದ ಹುಡುಗರು. 2005ರಲ್ಲಿ ಕ್ಲಿಶಿ-ಸು-ಬುವಾದಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳಲು ವಿದ್ಯುತ್ ಉಪಕೇಂದ್ರಕ್ಕೆ ನುಗ್ಗಿದ ಇಬ್ಬರು ಹುಡುಗರು ಸತ್ತಾಗಲೂ ಹೀಗೇ ಮೂರು ವಾರ ಹೊತ್ತಿ ಉರಿದಿತ್ತು. ನಡುವೆ 18 ವರ್ಷ ಹೋಯಿತು. ಗಡಿ ಮುಚ್ಚಿದರೆ ಆ ಬಡಾವಣೆಗಳ ಸಮಸ್ಯೆ ಹೇಗೆ ತೀರುತ್ತೆ ಅಂತ ಯಾರೂ ಹೇಳೋದಿಲ್ಲ.

ಇನ್ನೊಂದು ಬೆಂಕಿ 2018ರ ಯೆಲ್ಲೋ ವೆಸ್ಟ್ ಚಳವಳಿ. ನವೆಂಬರ್ 17ರಂದು, ಮೊದಲ ದಿನವೇ, ಸರ್ಕಾರಿ ಲೆಕ್ಕದಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ರಸ್ತೆಗಿಳಿದರು. ಸಣ್ಣ ಊರುಗಳವರು, ದಿನಾ ಕಾರಿನಲ್ಲಿ ದೂರ ಹೋಗಿ ದುಡಿಯುವವರು, ಹೆಚ್ಚಿನವರು ಬಿಳಿಯರು. ಕಿಡಿ ಹತ್ತಿದ್ದು ಡೀಸೆಲ್ ತೆರಿಗೆಗೆ. ಅದು ಪ್ಯಾರಿಸ್ ಹವಾಮಾನ ಒಪ್ಪಂದದ ವಿರುದ್ಧದ ದಂಗೆ ಅಂತ ಟ್ರಂಪ್ ಟ್ವೀಟ್ ಮಾಡಿದರು, ಜನ ತನ್ನ ಹೆಸರು ಕೂಗುತ್ತಿದ್ದಾರೆ ಅಂತಲೂ ಸೇರಿಸಿದರು. ಹಾಗೇನೂ ಆಗಿರಲಿಲ್ಲ. ಆ ಜನ ತೆರಿಗೆ ಇಳಿಸಿ ಅಂದದ್ದು ನಿಜ. ಜೊತೆಗೆ ಸಂಪತ್ತಿನ ತೆರಿಗೆ ವಾಪಸ್ ತನ್ನಿ, ನಮ್ಮೂರಿನ ಆಸ್ಪತ್ರೆ, ಅಂಚೆ ಕಚೇರಿ ಮುಚ್ಚಬೇಡಿ ಅಂತಲೂ ಕೇಳಿದರು. ಅವರು ಕೇಳಿದ್ದು ತಮ್ಮ ಕಡೆಗೂ ತಿರುಗಿ ನೋಡುವ ಸರ್ಕಾರವನ್ನು. ಸರ್ಕಾರವೇ ಚಿಕ್ಕದಾಗಲಿ ಅಂತ ಅವರು ಕೇಳಲಿಲ್ಲ.

ಕುಕ್ಕರಿಗೆ ವಿಷಲ್ ಇಲ್ಲದಿದ್ದರೆ

ಮೂರನೇ ಎಳೆ ಕೋರ್ಟು. ಯೂರೋಪಿಯನ್ ಪಾರ್ಲಿಮೆಂಟಿನ ಹಣದಲ್ಲಿ ಪಕ್ಷದ ಕೆಲಸಗಾರರಿಗೆ ಸಂಬಳ ಕೊಟ್ಟ ಪ್ರಕರಣದಲ್ಲಿ 2025ರ ಮಾರ್ಚ್ 31ರಂದು ಲೆ ಪೆನ್ ತಪ್ಪಿತಸ್ಥೆ ಎಂದು ತೀರ್ಪಾಯಿತು, ಐದು ವರ್ಷ ಚುನಾವಣೆಗೆ ನಿಲ್ಲದಂತೆ ನಿಷೇಧವೂ ಬಂತು. ಅವರನ್ನು ಬಿಡಿ ಅಂತ ಟ್ರಂಪ್ ಪೋಸ್ಟ್ ಹಾಕಿದರು. ಮೇಲ್ಮನವಿ ಇತ್ಯರ್ಥಕ್ಕೂ ಮುಂಚೆಯೇ ನಿಷೇಧ ಜಾರಿಯಾದದ್ದನ್ನು ಅವರ ವಿರೋಧಿಗಳಲ್ಲೂ ಕೆಲವರು ಪ್ರಶ್ನಿಸಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದೇ ಕೋರ್ಟುಗಳು ಬಲಪಂಥದ ಮುಖ್ಯವಾಹಿನಿಯ ಫ್ರಾನ್ಸುವಾ ಫಿಯೋನ್‌ಗೂ ಶಿಕ್ಷೆ ಕೊಟ್ಟಿವೆ. ಮಾಜಿ ಅಧ್ಯಕ್ಷ ನಿಕೊಲಾ ಸಾರ್ಕೋಜಿಯನ್ನು 2025ರ ಅಕ್ಟೋಬರ್‌ನಲ್ಲಿ ಜೈಲಿಗೇ ಕಳಿಸಿವೆ.

ನನಗೆ ಅನ್ನಿಸೋದು, ಅಸಲಿ ದೋಷ ಇರೋದು ವ್ಯವಸ್ಥೆಯ ವಿನ್ಯಾಸದಲ್ಲಿ. 1958ರಲ್ಲಿ ಡಿ ಗಾಲ್ ತಂದ ಸಂವಿಧಾನ, ಪದೇ ಪದೇ ಸರ್ಕಾರ ಬೀಳೋದನ್ನು ತಪ್ಪಿಸಲು ಅಧ್ಯಕ್ಷರ ಕೈಗೆ ಭಾರೀ ಅಧಿಕಾರ ಕೊಟ್ಟಿತು. ಅದರ ವಿಧಿ 49.3 ಬಳಸಿದರೆ ಮಸೂದೆಗೆ ಮತದಾನವೇ ಬೇಡ, ಅವಿಶ್ವಾಸ ಗೊತ್ತುವಳಿ ಗೆದ್ದರೆ ಮಾತ್ರ ಅದು ಬೀಳುತ್ತೆ. ಪಿಂಚಣಿ ಕಾನೂನು 2023ರ ಮಾರ್ಚ್‌ನಲ್ಲಿ ಪಾಸಾದದ್ದು ಹೀಗೆಯೇ, ಅವಿಶ್ವಾಸ ಬರೀ ಒಂಬತ್ತು ಮತಗಳಿಂದ ಸೋತಿತು. 2024ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎಡಮೈತ್ರಿಗೆ ಹೆಚ್ಚು ಸೀಟು ಬಂದರೂ ಪ್ರಧಾನಿ ಪಟ್ಟ ಹೋದದ್ದು ಬಲಪಂಥದ ಬಾರ್ನಿಯೆಗೆ. ಸದನದಲ್ಲಿ ಮಾತು ನಡೆಯಲ್ಲ ಅಂದಾಗ ಜನ ರಸ್ತೆಯಲ್ಲಿ ಮಾತಾಡ್ತಾರೆ. ವಿಷಲ್ ಕೂತುಹೋದ ಕುಕ್ಕರ್ ಸಿಡಿದಾಗ ಒಳಗಿದ್ದ ಬೇಳೆಯನ್ನು ಬೈದರೆ ಏನು ಬಂತು? ಅಧಿಕಾರ ಒಂದೇ ಕಡೆ ಗುಡ್ಡೆ ಬೀಳಬಾರದು ಅನ್ನೋದು ಅಮೆರಿಕದ ಕನ್ಸರ್ವೇಟಿವ್‌ಗಳ ಹಳೇ ಪಾಠ. ಈ ಪ್ರಕರಣದಲ್ಲಿ ಎಲ್ಲರಿಗಿಂತ ಚೆನ್ನಾಗಿ ಅನ್ವಯಿಸೋದು ಅದೇ. ಅದನ್ನೇ ಅವರು ಮರೆತಿದ್ದಾರೆ.

ಆ ಹಡಗಿನಲ್ಲಿ ಯಾರಿದ್ದರು?

ಕೊನೆಗೆ ಒಂದು ಕಾದಂಬರಿಯ ವಿಷಯ. 1973ರಲ್ಲಿ ಫ್ರಾನ್ಸಿನ ಜಾನ್ ರಾಸ್ಪಾಯ್ ‘ದಿ ಕ್ಯಾಂಪ್ ಆಫ್ ದಿ ಸೇಂಟ್ಸ್’ ಎಂದು ಇಂಗ್ಲಿಷಿನಲ್ಲಿ ಪ್ರಸಿದ್ಧವಾದ ಕಾದಂಬರಿ ಬರೆದರು. ಲಕ್ಷಾಂತರ ಬಡ ವಲಸಿಗರು ಹಡಗುಗಳಲ್ಲಿ ಬಂದು ಫ್ರಾನ್ಸನ್ನು ಮುಳುಗಿಸಿಬಿಡೋ ಕಥೆ. ಟ್ರಂಪ್ ಆಪ್ತರಾಗಿದ್ದ ಸ್ಟೀವ್ ಬ್ಯಾನನ್ ಅದನ್ನು ಮತ್ತೆ ಮತ್ತೆ ನೆನಪಿಸಿದವರು. ಈಗ ಶ್ವೇತಭವನದ ವಲಸೆ ನೀತಿ ರೂಪಿಸುವ ಸ್ಟೀಫನ್ ಮಿಲ್ಲರ್ ಅದನ್ನು 2015ರಲ್ಲೇ ಪ್ರಸ್ತಾಪಿಸಿದ್ದು, ಸೋರಿಕೆಯಾದ ಇಮೇಲ್‌ಗಳಿಂದ 2019ರಲ್ಲಿ ಬಯಲಾಯಿತು. ಫ್ರಾನ್ಸ್ ಬಗ್ಗೆ ಅಮೆರಿಕದ ಬಲಪಂಥಕ್ಕಿರುವ ಭಯಕ್ಕೆ ಅಡಿಪಾಯದಂತಿರುವ ಪುಸ್ತಕ ಅದು.

ಆ ಹಡಗುಗಳು ಹೊರಟದ್ದು ಅರಬ್ ದೇಶದಿಂದಲ್ಲ, ಆಫ್ರಿಕಾದಿಂದಲೂ ಅಲ್ಲ. ಕೋಲ್ಕತ್ತಾದಿಂದ. ಕಾದಂಬರಿಯಲ್ಲಿ ಕೊಳಕರು, ಹಸಿದವರು, ನಾಗರಿಕತೆ ನುಂಗುವವರು ಅಂತ ಚಿತ್ರಿಸಿದ್ದು ಭಾರತೀಯರನ್ನು.

2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಟ್ರಂಪ್ ಘೋಷಿಸಿದ ರಾತ್ರಿ ನಮ್ಮ ಗ್ರೂಪು ಮಲಗಲಿಲ್ಲ. ರಜೆಗೆ ಊರಿಗೆ ಬಂದಿದ್ದವರು ವಾಪಸ್ ಟಿಕೆಟ್ ಹುಡುಕುತ್ತಿದ್ದರು. ಈಗಾಗಲೇ ವೀಸಾ ಇರುವವರಿಗೆ ಅದು ಅನ್ವಯಿಸೋದಿಲ್ಲ ಅನ್ನೋ ಸ್ಪಷ್ಟನೆ ಬಂದಾಗ ಮಾರನೇ ದಿನವಾಗಿತ್ತು. ಟೆಕ್ಸಾಸ್ ಗೆಳೆಯ ಆ ರಾತ್ರಿ ಒಂದೂ ವಿಡಿಯೋ ಹಾಕಲಿಲ್ಲ.

ಕಳೆದ ವಾರ ಅವನಿಗೆ ಫೋನ್ ಮಾಡಿ ಈ ಕಾದಂಬರಿಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವು ಹಡಗಲ್ಲಿ ಬಂದವರಲ್ಲ ಮಗಾ, ತೆರಿಗೆ ಕಟ್ತೀವಿ’ ಅಂದ. ‘ನಾಂತೇರ್‌ನ ಅಪ್ಪ ಅಮ್ಮಂದಿರೂ ಕಟ್ಟಿದ್ರು ಕಣೋ’ ಅಂದೆ. ಮಗಳನ್ನು ಸ್ಕೂಲಿಂದ ಕರ್ಕೊಂಡು ಬರೋ ಟೈಮಾಯ್ತು ಅಂತ ಫೋನಿಟ್ಟ. ಅವಳು ಹುಟ್ಟಿದ್ದು ಅಲ್ಲೇ.