ಕುಣಿತಕ್ಕೂ ಎರಡು ಪೀರಿಯಡ್ಡು ಕೊಡಿ

ಸಕಲೇಶಪುರ, ಆಲೂರು ಕಡೆಯ ನಮ್ಮ ಶಾಲೆಗಳಲ್ಲಿ ನೃತ್ಯ ಕಲಿಸಲು ಸಮಯವಿಲ್ಲ ಎನ್ನುವವರನ್ನು ವಾರ್ಷಿಕೋತ್ಸವದ ಹಿಂದಿನ ಎರಡು ವಾರ ನೋಡಬೇಕು. ಆಗ ಗಣಿತದ ಪೀರಿಯಡ್ಡನ್ನೂ ಸಿನಿಮಾ ಹಾಡಿನ ಸ್ಟೆಪ್ಪಿಗೆ ಬಿಟ್ಟುಕೊಡುತ್ತಾರೆ. ಅದು ಮುಗಿದ ಮರುದಿನದಿಂದ, ಬೆಂಚಿನಡಿ ಕಾಲಾಡಿಸಿದ ಮಗುವಿಗೆ ಬೈಗುಳ.

ಹತ್ತನೇ ತರಗತಿವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿಸಿ ಎಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು 2005ರಲ್ಲಿ. ಸಂಗೀತ, ನಾಟಕ, ಚಿತ್ರಕಲೆಯ ಜೊತೆ ನೃತ್ಯವೂ ಅದರಲ್ಲಿತ್ತು. ನಮ್ಮಲ್ಲಿ ಅದು ದಕ್ಕುವುದು ಪ್ರತಿಭಾ ಕಾರಂಜಿಗೆಂದು ಆರಿಸಿದ ಕೆಲವೇ ಮಕ್ಕಳಿಗೆ. ಉಳಿದವರು ಚಪ್ಪಾಳೆ ತಟ್ಟಲಿಕ್ಕೆ. (ಬೇಲೂರಿಗೆ ಪ್ರವಾಸ ಹೋಗಿ ಮದನಿಕೆಯರ ಕೆಳಗೆ ಫೋಟೊ ತೆಗೆಸಿಕೊಳ್ಳುವುದನ್ನು ಮಾತ್ರ ಯಾರೂ ತಪ್ಪಿಸುವುದಿಲ್ಲ.)

ಕಲಿಸುವವರು ಯಾರಿದ್ದಾರೆ ಎನ್ನುತ್ತೀರಿ. ನಮ್ಮ ಹಳ್ಳಿಗಳಲ್ಲಿ ಸುಗ್ಗಿ ಕುಣಿಯುವ ಹಿರಿಯರಿಲ್ಲವೇ? ಡಿಗ್ರಿ ಇಲ್ಲವೆಂದು ಅವರನ್ನು ಗೇಟಿನಾಚೆ ನಿಲ್ಲಿಸಿದವರು ನಾವೇ. ಕರೆಯಿರಿ, ಗೌರವಧನ ಕೊಡಿ. ಅಸ್ಸಾಮಿನಿಂದ ಬಂದು ಕಾಫಿ ತೋಟದ ಲೈನ್ ಮನೆಯಲ್ಲಿರುವವರ ಮಗುವಿಗೆ ಕನ್ನಡದ ಪಾಠ ತಲೆಗೆ ಹತ್ತಲು ವರ್ಷವೇ ಬೇಕಾಗಬಹುದು. ವಾದ್ಯದ ಪೆಟ್ಟಿಗೆ ಹೆಜ್ಜೆ ಹಾಕಲು ಒಂದು ವಾರ ಸಾಕು. ಅಲ್ಲಿಯವರೆಗೂ ಆ ಮಗುವನ್ನು ಹಿಂದಿನ ಬೆಂಚಿನಲ್ಲೇ ಕೂರಿಸುತ್ತೀರಾ? ಮುಂದಿನ ಜೂನಿನಲ್ಲಿ ವೇಳಾಪಟ್ಟಿ ಬರೆಯುವಾಗ ವಾರಕ್ಕೆರಡು ಖಾನೆ ಖಾಲಿ ಬಿಡಿ.